ಗೋಂದಕ್ಕ ತನ್ನ ಅಕ್ಕನನ್ನು ಬರೆದದ್ದು

"ಅಮ್ಮಾ, ಗೋಂದಕ್ಕ ಅವಳ ಅಕ್ಕನ್ನ ಇನ್ನೂ ಎಷ್ಟು ಸಲ ಸಾಯಿಸ್ತಾಳೆ?"

ನನ್ನ ಮಗಳು ಇದನ್ನು ಕೇಳಿದ್ದು ಹಲ್ಲುಜ್ಜುವಾಗ, ಬಾಯಿ ತುಂಬ ನೊರೆ ಇಟ್ಟುಕೊಂಡು. ಆರು ವರ್ಷದ ಮಗು ಕೇಳುವ ಪ್ರಶ್ನೆಯೇ ಇದು? ಬ್ರಷ್ ಕಿತ್ತುಕೊಂಡು ವಿಚಾರಿಸಿದೆ. "ಯಾರೇ ಹೇಳಿದ್ದು ನಿಂಗೆ?"

"ಅವಳೇ. ಮೊದಲು ನಾಲಿಗೆಗೆ ಹುಳ ಬಿದ್ದು ಸತ್ತಳಂತೆ. ಆಮೇಲೆ ಬಾವಿಗೆ ಬಿದ್ದು ಸತ್ತಳಂತೆ. ಈ ವಾರ ಸಾಯಲ್ಲಂತೆ, ಮಾತಾಡ್ತಾಳಂತೆ." ಉಗುಳಿ, ಬಾಯಿ ಒರೆಸಿಕೊಂಡು, ದೊಡ್ಡವರ ಹಾಗೆ ತಲೆಯಾಡಿಸಿ ಸೇರಿಸಿದಳು: "ಸಾಯಿಸೋದು ಸುಲಭವಂತೆ ಅಮ್ಮಾ. ಮಾತಾಡಿಸೋದೇ ಕಷ್ಟವಂತೆ."

ಗೋಂದಕ್ಕ ನಮ್ಮ ಕೆಳಗಿನ ಮನೆಯವಳು. ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಹೆಸರು ಬೇರೆ ಇದೆ, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ. ಸಂಜೆ ಮನೆಗೆ ಬರುವಾಗ ಅವಳ ಬೆರಳುಗಳ ಮೇಲೆ ಗೋಂದು ಒಣಗಿ ಎರಡನೆಯ ಚರ್ಮದ ಹಾಗೆ ಕೂತಿರುತ್ತದೆ. ಅದನ್ನು ಸುಲಿಯುವ ಹಕ್ಕು ನನ್ನ ಮಗಳದು. ಹೆಬ್ಬೆರಳಿನದು ಗೆರೆಗಳ ಸಮೇತ ಪೂರ್ತಿ ಬಂದರೆ ಆ ದಿನ ಹಬ್ಬ. ಸುಲಿಸಿಕೊಳ್ಳುತ್ತಾ ಗೋಂದಕ್ಕ ಕತೆ ಹೇಳುತ್ತಾಳೆ. ಮಗು ಕೇಳಿದ್ದನ್ನು ಮೇಲೆ ತಂದು ನನಗೆ ಹೇಳುತ್ತದೆ. ಅರ್ಧ ಹೀಗೆ ಬಂದದ್ದು. ಉಳಿದರ್ಧ, ಮಗು ಮಲಗಿದ ರಜೆಯ ಮಧ್ಯಾಹ್ನಗಳಲ್ಲಿ ನಾನೇ ಮೆಟ್ಟಿಲಿಳಿದು ಕೇಳಿ ಬರೆದುಕೊಂಡದ್ದು.

ಅವಳಿಗೆ ಐವತ್ತೊಂದು. ಕೋಣೆಯಲ್ಲಿ ಒಂದು ಕಿಟಕಿ, ಒಂದು ಉದ್ದ ಮೇಜು, ಚಕ್ರ ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಒತ್ತುಯಂತ್ರ, ಮೇಣ ಸವರಿದ ದಾರದ ಉಂಡೆ, ಸೂಜಿಗಳು ಚುಚ್ಚಿಟ್ಟ ಸಾಬೂನಿನ ತುಂಡು. ಹದಿನೆಂಟು ವರ್ಷಗಳಲ್ಲಿ ಆ ಕಾಲೇಜಿನಲ್ಲಿ ದೊಡ್ಡ ಪದವಿ ಪಡೆದವರೆಲ್ಲ ತಮ್ಮ ಮಹಾಪ್ರಬಂಧಗಳನ್ನು ಎದೆಗವಚಿಕೊಂಡು ಅವಳ ಬಾಗಿಲಿಗೆ ಬಂದು ನಿಂತವರೇ. "ಅಕ್ಕಾ, ನಾಳೆ ಬೆಳಿಗ್ಗೆ ಬೇಕೇ ಬೇಕು, ಇಲ್ಲಾಂದ್ರೆ ನಾನು ಸತ್ತೆ" ಎನ್ನದವರಿಲ್ಲ. ಅವಳು ಹಾಳೆ ಜೋಡಿಸುತ್ತಾ ಎಲ್ಲವನ್ನೂ ಓದಿದ್ದಾಳೆ. ಯಾರು ಯಾರಿಂದ ಕದ್ದರು, ಯಾರು ಐದನೆಯ ಅಧ್ಯಾಯವನ್ನೇ ಕೊಂಚ ತಿರುಚಿ ಏಳನೆಯದು ಮಾಡಿದರು, ಎಲ್ಲ ಗೊತ್ತು. ಹೇಳುವುದಿಲ್ಲ. ಬಾಯಿ ಮುಚ್ಚಿ ಬೇರೆಯವರ ಬರಹಕ್ಕೆ ಬೆನ್ನು ಕಟ್ಟುವುದೇ ಅವಳ ಬದುಕಾಗಿತ್ತು.

ಹೀಗಾದದ್ದು ಒಂದು ಭಾನುವಾರದಿಂದ.

ಆಗ ಅವಳಿಗೆ ಹದಿನೇಳು. ಕಾಲೇಜು ಸೇರಿ ನಾಲ್ಕು ತಿಂಗಳು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬರೆದಿಟ್ಟಿದ್ದಳು. ಅಪ್ಪನ ಗೊರಕೆಗೆ ಒಂದು ಪುಟ, ಚಿಕ್ಕಪ್ಪನ ಹೊಟ್ಟೆಗೆ ಎರಡು ಪುಟ. ಕೊನೆಯಲ್ಲಿ ಮೂಲೆ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುವವನ ಬಗ್ಗೆ ಅರ್ಧ ಪುಟ. ಅವನ ಜತೆ ಅವಳು ಒಂದು ಮಾತೂ ಆಡಿರಲಿಲ್ಲ.

ಆ ಭಾನುವಾರ ಊಟಕ್ಕೆ ನೆಂಟರು ಬಂದಿದ್ದರು. ಉಂಡು, ಕೈ ತೊಳೆದು, ನಡುಮನೆಯಲ್ಲಿ ಗೋಡೆಗೊರಗಿ ಕೂತ ಹದಿನಾಲ್ಕು ಜನ. ಅವಳ ಅಕ್ಕ, ಅವಳಿಗಿಂತ ಐದು ವರ್ಷ ದೊಡ್ಡವಳು, ಕುರ್ಚಿಯ ಮೇಲೆ ಹತ್ತಿ ನಿಂತಳು. ಕೈಯಲ್ಲಿ ಆ ನೋಟ್‌ಬುಕ್ಕು.

"ಎಲ್ಲರೂ ಕೇಳಿ, ನಮ್ಮನೆ ಚಿಕ್ಕಿ ಪುಸ್ತಕ ಬರೆದಿದ್ದಾಳೆ!"

ಓದಿದಳು. ಜನ ನಕ್ಕರು. ಚಿಕ್ಕಪ್ಪ ತೊಡೆ ತಟ್ಟಿ ನಕ್ಕ. ಒಬ್ಬ ಅತ್ತೆ ಕಣ್ಣೊರೆಸಿಕೊಂಡು "ಇನ್ನೊಂದ್ಸಲ ಓದೇ" ಎಂದಳು. ಬರೆದವಳು ಬಾಗಿಲ ಸಂದಿಯಲ್ಲಿ ನಿಂತು ಲಂಗದ ಅಂಚನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಅಕ್ಕ ಸೈಕಲ್ ಅಂಗಡಿಯ ಪುಟಕ್ಕೆ ಬಂದಾಗ ದನಿಯನ್ನು ಜೇನಿನ ಹಾಗೆ ಎಳೆದು, ಕಣ್ಣು ಅರೆ ಮುಚ್ಚಿ, ಎರಡು ಸಲ ಓದಿದಳು. ಅಪ್ಪ ಮಾತ್ರ ನಗಲಿಲ್ಲ. ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ನೋಟ್‌ಬುಕ್ಕು ನೀರು ಕಾಯಿಸುವ ಒಲೆಯಲ್ಲಿತ್ತು. ಅಪ್ಪ ಒಂದೇ ಮಾತು ಆಡಿದರು: "ಓದಿದ್ದು ಸಾಕು." ವಾರದೊಳಗೆ ಅವಳನ್ನು ಚಿಕ್ಕಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಮಡಚಲು ಕೂರಿಸಿದರು. ಅಕ್ಕ ಓದು ಮುಗಿಸಿ ಮೇಡಂ ಆದಳು, ಆಮೇಲೆ ಹೆಡ್ ಮೇಡಂ ಆದಳು. ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಯುವುದು ಹೇಗೆಂದು ಕಲಿಸಿ ನಿವೃತ್ತಳಾದಳು.

ಗೋಂದಕ್ಕನ ಹೊಟ್ಟೆಯಲ್ಲಿ ಆ ಒಲೆ ಆರಲಿಲ್ಲ. "ತಾಳಿದವನು ಬಾಳಿಯಾನು ಅಂತಾರೆ. ನಾನೂ ತಾಳಿದೆ. ಬಾಳಲಿಲ್ಲ, ರಟ್ಟು ಕಟ್ಟಿದೆ, ಅಷ್ಟೇ," ಎನ್ನುತ್ತಾಳೆ.

ಕಳೆದ ವರ್ಷ ಕಾಲೇಜಿನ ಸೂಚನಾ ಫಲಕದಲ್ಲಿ ಒಂದು ಹಾಳೆ ಬಿತ್ತು. ಸಂಜೆಯ ಸೃಜನಶೀಲ ಬರವಣಿಗೆ ತರಗತಿ, ಒಂದು ವರ್ಷ. ಕವಿತೆ, ಕತೆ, ಲಲಿತ ಪ್ರಬಂಧ, ನಾಟಕ, ಕೊನೆಗೆ ವ್ಯಕ್ತಿಚಿತ್ರ. ನೌಕರರೂ ಸೇರಬಹುದು. ಗೋಂದಕ್ಕ ಅದನ್ನು ಮೂರು ದಿನ ಓದಿ, ನಾಲ್ಕನೆಯ ದಿನ ಹೆಸರು ಬರೆಸಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ಗಡಿಯಾರ ರಿಪೇರಿಯವನು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಇರುವವನು, ಮಾತಿಗಿಂತ ಹೂಂ ಜಾಸ್ತಿ.

"ಯಾಕೆ ಈ ವಯಸ್ಸಲ್ಲಿ?" ಎಂದ.

"ನಮ್ಮಕ್ಕನ್ನ ಬರೀಬೇಕು."

"ಪತ್ರ ಬರೆದರೆ ಸಾಲದಾ?"

"ಪತ್ರ ಅವಳೊಬ್ಬಳೇ ಓದ್ತಾಳೆ. ನನಗೆ ನಡುಮನೆ ತುಂಬ ಜನ ಬೇಕು. ಆವತ್ತಿದ್ದ ಹಾಗೆ."

ಗಂಡ "ಹೂಂ" ಎಂದ. ಈ ಹೂಂ ಸ್ವಲ್ಪ ಉದ್ದವಿತ್ತು.

ಪಾಠ ಹೇಳುವವನು ಮೂವತ್ತು ದಾಟದ ಹುಡುಗ. ಎಲ್ಲರೂ ಮರಿ ಮೇಷ್ಟ್ರು ಎನ್ನುತ್ತಾರೆ. ಅವನ ಮಹಾಪ್ರಬಂಧಕ್ಕೆ ರಟ್ಟು ಕಟ್ಟಿದವಳು ಗೋಂದಕ್ಕನೇ. ಅದರ ನೂರ ಹನ್ನೆರಡನೆಯ ಪುಟ ಎರಡು ಸಲ ಇದೆ ಎಂಬುದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಅವಳನ್ನು ಮೊದಲ ಸಾಲಿನಲ್ಲಿ ಕಂಡು ಅವನ ಮುಖ ಒಂದು ಕ್ಷಣ ಬಿಳುಪಾಯಿತು. ಆಮೇಲೆ ತರಗತಿಯ ನಿಯಮ ಹೇಳಿದ.

"ಇಲ್ಲಿ ಬರೆದವರು ತಾವೇ ಓದೋ ಹಾಗಿಲ್ಲ. ಬೇರೆಯವರು ಜೋರಾಗಿ ಓದ್ತಾರೆ. ಬರೆದವರು ಬಾಯಿ ಬಿಡದೆ ಕೂತು ಕೇಳಬೇಕು. ಉಳಿದವರ ಮಾತು ಮುಗಿಯೋವರೆಗೂ ಒಂದಕ್ಷರ ಆಡಬಾರದು. ಇದು ಎಲ್ಲರಿಗೂ ಒಂದೇ."

ಬೇರೆಯವರು ಜೋರಾಗಿ ಓದುವುದು, ಬರೆದವಳು ಬಾಯಿ ಮುಚ್ಚಿ ನಿಲ್ಲುವುದು. ಇದನ್ನು ಗೋಂದಕ್ಕ ಹದಿನೇಳಕ್ಕೇ ಕಲಿತು ಮುಗಿಸಿದ್ದಳಲ್ಲ!

ಮೊದಲನೆಯದು ಕವಿತೆ. ಇಪ್ಪತ್ತೆಂಟು ಸಾಲು ಬರೆದಳು, ಇಪ್ಪತ್ತೆಂಟೂ ಶಾಪ. ಅದನ್ನು ಓದಿದವನು ಸಿಟಿ ಬಸ್ಸಿನ ಡ್ರೈವರ್, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವನು. "ನಿನ್ನ ನಾಲಿಗೆಗೆ ಹುಳ ಬೀಳಲಿ, ಆ ಹುಳಕ್ಕೂ ಹಲ್ಲು ಬರಲಿ" ಎಂದು ಅವನು ಹಾರ್ನ್ ಹೊಡೆದ ಹಾಗೆ ಓದಿದಾಗ ಯಾರೋ ಕಿಸಕ್ಕೆಂದರು. ಗೋಂದಕ್ಕನ ಕೈ ಅರಿವಿಲ್ಲದೆ ಸೆರಗಿನ ತುದಿ ಹುಡುಕಿ ಬಾಯಿಗೆ ಒಯ್ದಿತು. ಎದ್ದು ಹೋಗಬೇಕೆಂದು ಚಪ್ಪಲಿಗೆ ಕಾಲು ತೂರಿಸಿದಳು. ಆಗ ಅವಳಿಗೆ ಒಂದು ಸಂಗತಿ ಕಂಡಿತು. ಓದುವವನ ಕಣ್ಣು ಹಾಳೆಯ ಮೇಲಿತ್ತು. ಕೇಳುವವರ ಕಣ್ಣು ಓದುವವನ ಮೇಲಿತ್ತು. ಬರೆದವಳ ಕಣ್ಣಿಗೆ ಮಾತ್ರ ಯಾವ ಕೆಲಸವೂ ಇರಲಿಲ್ಲ. ಅದು ಒಬ್ಬೊಬ್ಬರ ಮುಖದ ಮೇಲೂ ಬೇಕಾದಷ್ಟು ಹೊತ್ತು ಕೂರಬಹುದಿತ್ತು. ಯಾವ ಸಾಲಿಗೆ ಯಾರ ಹುಬ್ಬು ಏರಿತು, ಯಾರ ತುಟಿ ಒಣಗಿತು, ಎಲ್ಲ ಕಾಣುತ್ತಿತ್ತು. ಆ ಭಾನುವಾರ ತಲೆ ಬಗ್ಗಿಸಿ ನಿಂತಿದ್ದರಿಂದ ಇದನ್ನು ಕಂಡಿರಲಿಲ್ಲ. ಚಪ್ಪಲಿಯಿಂದ ಕಾಲು ತೆಗೆದಳು.

"ಇದು ಶಾಪ ಅಮ್ಮ, ಕವಿತೆ ಅಲ್ಲ," ಎಂದ ಮರಿ ಮೇಷ್ಟ್ರು.

"ತಾಕಲಿಲ್ಲವಾ ಮೇಷ್ಟ್ರೇ?" ಎಂದಳು, ಬಾಯಿ ಬಿಡುವ ಸರದಿ ಬಂದ ಮೇಲೆ.

"ಯಾರಿಗೆ ತಾಕಬೇಕು? ಅವರು ಯಾರು ಅಂತಲೇ ನಮಗೆ ಗೊತ್ತಾಗಲಿಲ್ಲ."

ಕತೆಯಲ್ಲಿ ಅಕ್ಕನನ್ನು ಬಾವಿಗೆ ತಳ್ಳಿದಳು. ಮೂರನೆಯ ಪುಟದಲ್ಲೇ ತಳ್ಳಿದಳು, ತಡೆಯಲಾಗದೆ. ಓದಿ ಮುಗಿದ ಮೇಲೆ ಡ್ರೈವರ್ ತಲೆ ಕೆರೆದುಕೊಂಡು ಹೇಳಿದ: "ಸತ್ತಳು ಸರಿ, ಆದ್ರೆ ನಂಗೇನೂ ಅನ್ನಿಸಲಿಲ್ಲ ಅಕ್ಕ. ಇವಳು ಊಟ ಮಾಡ್ತಾಳಾ, ನಿದ್ದೆ ಮಾಡ್ತಾಳಾ, ಏನೂ ಗೊತ್ತಿಲ್ಲ. ರಟ್ಟಿನ ಗೊಂಬೆ ಬಿದ್ದ ಹಾಗೆ ಬಿದ್ದಳು."

ರಟ್ಟಿನ ಗೊಂಬೆ! ಅವಳಿಗೆ ಹೇಳುವ ಮಾತೇ? ಮಾರನೆಯ ದಿನ ಒತ್ತುಯಂತ್ರದ ಚಕ್ರವನ್ನು ಎಷ್ಟು ಬಿಗಿದಳೆಂದರೆ ಯಾರದೋ ಪದವಿಯ ಗೋಂದೆಲ್ಲ ಅಂಚಿನಿಂದ ಉಕ್ಕಿತು. ಸಂಜೆ ಗಂಡ ಭೂತಗನ್ನಡಿ ತೆಗೆಯದೆ ಕೇಳಿದ: "ನಿಮ್ಮಕ್ಕ ಈ ವಾರ ಬದುಕಿದ್ದಾಳಾ?"

"ಇದ್ದಾಳೆ. ನೋಡಿ ಬರ್ತೀನಿ."

ಒಂಬತ್ತು ವರ್ಷದಿಂದ ಅವಳು ಅಕ್ಕನ ಮನೆಯ ಹೊಸಿಲು ತುಳಿದಿರಲಿಲ್ಲ. ಆ ಮನೆ ಎರಡು ಬಸ್ಸಿನ ದೂರ. ಅಕ್ಕ ಬಾಗಿಲು ತೆರೆದು, ಕಣ್ಣು ಕಿರಿದಾಗಿಸಿ, ಮೂಗಿನ ತುದಿಯವರೆಗೂ ಮುಖ ತಂದು ನೋಡಿದಳು. ಕಣ್ಣಿಗೆ ಪೊರೆ ಬಂದಿತ್ತು.

"ಅಯ್ಯೋ, ಚಿಕ್ಕಿ! ಏನೇ, ದಾರಿ ತಪ್ಪಿ ಬಂದ್ಯಾ?"

"ತಪ್ಪಿಲ್ಲ. ನಿನ್ನನ್ನ ನೋಡೋಕೆ ಬಂದೆ."

ಅದು ಸುಳ್ಳಾಗಿರಲಿಲ್ಲ. ಎರಡು ಗಂಟೆ ಕೂತು ನೋಡಿದಳು, ಹೊಸ ಪುಸ್ತಕದ ಅಳತೆ ತೆಗೆಯುವ ಹಾಗೆ. ಶಾಲೆಯ ಹಳೆಯ ಅಡಿಕೋಲು ಅಕ್ಕನ ಮೇಜಿನ ಮೇಲೇ ಇತ್ತು. ಮಾತಿನ ನಡುವೆ ಅದರಿಂದ ಮೇಜಿಗೆ ಒಂದೊಂದು ಪೆಟ್ಟು. ಬಿಸ್ಕತ್ತನ್ನು ಎರಡು ಹೋಳು ಮಾಡಿ ಕೆನೆಯಿದ್ದ ಹೋಳನ್ನು ತಾನಿಟ್ಟುಕೊಂಡು ಬರಿಯ ಹೋಳನ್ನು ತಂಗಿಗೆ ಕೊಡುವುದು, ಕೊಟ್ಟ ಮೇಲೆ "ನಿಂಗೆ ಸಿಹಿ ಇಷ್ಟವಿಲ್ಲ ಅಲ್ವಾ" ಎನ್ನುವುದು. ಬಾಗಿಲ ಬಳಿ ಕುರ್ಚಿಗಳು ಪರೀಕ್ಷೆಗೆ ಜೋಡಿಸಿದ ಹಾಗೆ ಸಾಲಾಗಿ. ಎಲ್ಲವನ್ನೂ ಬಸ್ ಟಿಕೆಟ್ಟಿನ ಹಿಂಬದಿಗೆ ಬರೆದುಕೊಂಡಳು, ಬಚ್ಚಲಿಗೆ ಹೋದ ನೆಪದಲ್ಲಿ.

ಏಳುವ ಮೊದಲು ಕೇಳಿಬಿಟ್ಟಳು. "ಅಕ್ಕಾ, ಆ ನೋಟ್‌ಬುಕ್ಕು ನೆನಪಿದೆಯಾ?"

"ಯಾವ ನೋಟ್‌ಬುಕ್ಕೇ?"

"ನಂದು. ಭಾನುವಾರ ನೆಂಟರ ಮುಂದೆ ಓದಿದ್ದು. ಆಮೇಲೆ ಅಪ್ಪ ನನ್ನ ಕಾಲೇಜು ಬಿಡಿಸಿದ್ದು."

ಅಕ್ಕ ನಕ್ಕಳು. ಒಳ್ಳೆಯ ನಗು, ಕಪಟವಿಲ್ಲದ್ದು. "ಬಿಡಿಸಿದ್ದು ಯಾರೇ? ನಿನಗೇ ಓದೋಕೆ ಮನಸ್ಸಿರಲಿಲ್ಲ. ಅಪ್ಪ ಎಷ್ಟು ಬೇಡಿಕೊಂಡ್ರು, ಕಾಲೇಜಿಗೆ ಹೋಗೇ ಅಂತ! ನಾನೂ ಹೇಳ್ದೆ. ನೀನೇ ಹಟ ಹಿಡಿದು ಚಿಕ್ಕಪ್ಪನ ಅಂಗಡಿ ಸೇರ್ಕೊಂಡೆ. ಪಾಪ, ಎಲ್ಲರಿಗೂ ಓದು ಹತ್ತಬೇಕಲ್ಲ." ಅಡಿಕೋಲಿನಿಂದ ಮೇಜಿಗೆ ಒಂದು ಪೆಟ್ಟು. ಪಾಠ ಮುಗಿಯಿತು.

ಗೋಂದಕ್ಕ ಎರಡು ಬಸ್ಸಿನಲ್ಲೂ ನಿಂತೇ ಬಂದಳು, ಸೀಟು ಖಾಲಿಯಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳನಾದರೂ ಆಗಿದ್ದರೆ ಹಿಡಿಯಬಹುದಿತ್ತು. ಅಕ್ಕ ಕುಂಬಳಕಾಯಿಯನ್ನೇ ಮರೆತಿದ್ದಳು. ಮರೆತದ್ದಷ್ಟೇ ಅಲ್ಲ, ಅದರ ಜಾಗದಲ್ಲಿ ಬೇರೆ ಕತೆ ಕಟ್ಟಿಟ್ಟಿದ್ದಳು. ಆ ಕತೆಯಲ್ಲಿ ತಂಗಿಯೇ ದಡ್ಡಿ. ಮೂವತ್ತನಾಲ್ಕು ವರ್ಷ ತಂಗಿ ಕೆಂಡ ಕಾಯ್ದಿದ್ದು ಯಾರಿಗಾಗಿ? ಹೊಡೆದವರಿಗೆ ಪೆಟ್ಟೇ ನೆನಪಿಲ್ಲದಿದ್ದರೆ ತಿರುಗಿ ಹೊಡೆಯುವುದು ಎಲ್ಲಿಗೆ?

"ಬಿಟ್ಬಿಡು ಇನ್ನು," ಎಂದ ಗಂಡ ಅವತ್ತು. ಅವನ ಮಟ್ಟಿಗೆ ಅದು ಭಾಷಣ.

"ಮೊದಲು ಅವಳಿಗೆ ನೆನಪಾಗಬೇಕು. ಆಮೇಲೆ ಬಿಡೋ ಮಾತು."

ಅಲ್ಲಿಂದ ಮುಂದೆ ಅವಳು ಅಕ್ಕನನ್ನು ಸಾಯಿಸಲಿಲ್ಲ. ಸತ್ತವಳಿಗೆ ನೆನಪು ಬರುವುದಿಲ್ಲವಲ್ಲ.

ನಡುವೆ ಲಲಿತ ಪ್ರಬಂಧದ ಪಾಠ ಬಂತು. ಅಕ್ಕನನ್ನು ಅದರಲ್ಲಿ ಹೇಗೂ ಹಿಡಿಸಲಾಗದೆ, ಬೇಸರಕ್ಕೆ ಗೋಂದಿನ ಬಗ್ಗೆಯೇ ಬರೆದಳು. ಯಾವ ಗೋಂದು ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಇಲಿಗೆ ಯಾವ ಗೋಂದಿನ ರುಚಿ, ಮದುವೆಯಾದ ಹೊಸತರಲ್ಲಿ ಗಂಡ ಇವಳ ಕೈಹಿಡಿದು ಬಿಡಿಸಿಕೊಳ್ಳಲಾಗದೆ ನಿಂತದ್ದು. ಮರಿ ಮೇಷ್ಟ್ರು ಕುಣಿದಾಡಿಬಿಟ್ಟ. ವರ್ಷದಲ್ಲೇ ಇಂಥದ್ದು ಬಂದಿಲ್ಲ, ಪತ್ರಿಕೆಗೆ ಕಳಿಸಿ ಎಂದ. ಗೋಂದಕ್ಕ ಆ ಹಾಳೆಗಳನ್ನು ಮಡಚಿ ಕಿಟಕಿ ಅಲ್ಲಾಡದ ಹಾಗೆ ಸಂದಿಗೆ ಸಿಕ್ಕಿಸಿದಳು. "ಅದರಲ್ಲಿ ನಮ್ಮಕ್ಕ ಎಲ್ಲಿದ್ದಾಳೆ? ಯಾರಿಗೆ ಬೇಕು ಅದು," ಎಂದಳು ನನ್ನ ಹತ್ತಿರ. ಹಾಳೆಗಳನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಕಿಟಕಿಗೆ ಹಳೆಯ ಕ್ಯಾಲೆಂಡರ್ ಸಿಕ್ಕಿಸಿದೆ.

ನಾಟಕಕ್ಕೆ ಬಂದಾಗ ಅವಳು ಸಿದ್ಧಳಾಗಿದ್ದಳು. ಅಕ್ಕನ ಮನೆಗೆ ಇನ್ನೂ ನಾಲ್ಕು ಸಲ ಹೋಗಿ ಮಾತುಗಳನ್ನು ತುಂಬಿಕೊಂಡು ಬಂದಳು. ಅಕ್ಕನಿಗೋ ಖುಷಿ: ಕೊನೆಗೂ ತಂಗಿಗೆ ಬುದ್ಧಿ ಬಂತು, ಹಿರಿಯಳ ಮಾತು ಕೇಳಲು ಬರುತ್ತಾಳೆ! ಅಡಿಕೋಲಿನ ಪೆಟ್ಟುಗಳೊಂದಿಗೆ ಧಾರಾಳವಾಗಿ ಮಾತಾಡಿದಳು. ಗೋಂದಕ್ಕ ಒಂದು ಮಾತೂ ಕೆಡಿಸದೆ ನಾಟಕಕ್ಕೆ ಇಳಿಸಿದಳು. ಈ ಸಲ ಸತ್ಯವೇ ಅವಳನ್ನು ಸುಡುತ್ತದೆ ಎಂದುಕೊಂಡಳು.

ಅಕ್ಕನ ಮಾತುಗಳನ್ನು ಓದಿದ್ದು ತರಗತಿಯ ನರ್ಸ್ ಹುಡುಗಿ. "ಎಲ್ಲರಿಗೂ ಓದು ಹತ್ತಬೇಕಲ್ಲ" ಎಂದು ಅವಳು ಬೆಂಚಿಗೆ ಸ್ಕೇಲು ಬಡಿದದ್ದೇ ತಡ, ತರಗತಿ ಬಿದ್ದು ಬಿದ್ದು ನಕ್ಕಿತು. ಕೆನೆಯ ಬಿಸ್ಕತ್ತಿಗೆ ಚಪ್ಪಾಳೆ ಬಿತ್ತು. ಮುಗಿದ ಮೇಲೆ ಡ್ರೈವರ್ ಕಣ್ಣೊರೆಸಿಕೊಳ್ಳುತ್ತಾ ಹೇಳಿದ, "ಅಯ್ಯೋ, ಈ ಅಕ್ಕ ಇದ್ದಾಳಲ್ಲ, ಏನು ಹೆಂಗಸಪ್ಪಾ! ನಮ್ಮನೇಲಿ ಒಬ್ಬಳಿರಬೇಕಿತ್ತು. ಆ ತಂಗಿ ಮಾತ್ರ ಬರೀ ಮೂಲೇಲಿ ನಿಂತು ಮುಖ ಊದಿಸ್ತಾಳೆ. ಅವಳನ್ನ ತೆಗೆದುಹಾಕಿ ಅಕ್ಕ, ನಾಟಕ ಇನ್ನೂ ಓಡುತ್ತೆ."

ಗೋಂದಕ್ಕ ನಿಯಮದಂತೆ ಬಾಯಿ ಮುಚ್ಚಿ ಕೂತಿದ್ದಳು. ಅಕ್ಕ ಆವತ್ತೂ ನಗಿಸಿದಳು, ಇವತ್ತೂ ನಗಿಸಿದಳು. ಈ ಸಲ ಕುರ್ಚಿ ತಂದುಕೊಟ್ಟು ಹತ್ತಿಸಿದ್ದು ತಾನೇ ಎನಿಸಿತು ಗೋಂದಕ್ಕನಿಗೆ. ಮಾರನೆಯ ಸಂಜೆ ಬೆರಳು ಸುಲಿಯಲು ಹೋದ ನನ್ನ ಮಗಳು "ಗೋಂದಕ್ಕನ ಕೈ ಇವತ್ತು ಮುಷ್ಟಿ ಬಿಡ್ತಿಲ್ಲ" ಎಂದು ವಾಪಸು ಬಂದಳು.

ಉಳಿದದ್ದು ವ್ಯಕ್ತಿಚಿತ್ರ. ಮರಿ ಮೇಷ್ಟ್ರು ಗ್ರಂಥಾಲಯದ ಹಿಂದಿನ ಕೋಣೆಗೇ ಬಂದು, ರಟ್ಟಿನ ಅಟ್ಟಿಯ ಮೇಲೆ ಕೂತು ಹೇಳಿದ: "ಅಮ್ಮ, ಈ ಸಲ ಬೈಯಬೇಡಿ, ಸಾಯಿಸಬೇಡಿ, ನಗಿಸಲೂ ಬೇಡಿ. ಏನಾಯ್ತೋ ಅಷ್ಟೇ. ನೀವು ಕಂಡದ್ದು, ಕೇಳಿದ್ದು. ಯಾರು ಎಲ್ಲಿ ಕೂತಿದ್ರು ಅನ್ನೋದರಿಂದ ಶುರು ಮಾಡಿ."

"ಅಷ್ಟೇ ಬರೆದರೆ ಸೇಡು ಹೇಗಾಗುತ್ತೆ ಮೇಷ್ಟ್ರೇ?"

"ನನಗೆ ಗೊತ್ತಿಲ್ಲ. ಬರೆದು ನೋಡಿ." ಆಮೇಲೆ ತಡೆದು, "ನೂರ ಹನ್ನೆರಡನೇ ಪುಟ ನೀವು ಯಾರಿಗೂ ಹೇಳಿಲ್ಲ ಅಲ್ವಾ?" ಎಂದ.

"ನನ್ನ ಜಗಳ ನಿಮ್ಮ ಜತೆ ಅಲ್ಲ ಮಹಾರಾಯ," ಎಂದಳು.

ಬರೆದಳು. ಹದಿನಾಲ್ಕು ಜನ, ಯಾರ ಬೆನ್ನು ಯಾವ ಗೋಡೆಗೆ. ಅಕ್ಕ ಹತ್ತಿದ ಕುರ್ಚಿಯ ಮುರಿದ ತೋಳು. ಸುಟ್ಟುಹೋದ ನೋಟ್‌ಬುಕ್ಕಿನ ಸಾಲುಗಳನ್ನು ಒಂದೂ ಬಿಡದೆ ಇಳಿಸಿದಳು. ಮೂವತ್ತನಾಲ್ಕು ವರ್ಷ ದಿನಾ ಬಾಯಿಪಾಠ ಮಾಡಿದವಳಿಗೆ ಹುಡುಕುವ ಅಗತ್ಯವಿರಲಿಲ್ಲ. ಅಪ್ಪನ ಗೊರಕೆ ಹೀಗಿತ್ತು: "ಅಪ್ಪನ ಗೊರಕೆಗೆ ಮೂರು ಭಾಗ. ಮೊದಲು ಯಾರೋ ಬಾಗಿಲು ತೆಗೆಯುತ್ತಾರೆ. ಆಮೇಲೆ ಒಳಗೆ ಬರುತ್ತಾರೆ. ಕೊನೆಗೆ ಬಂದವರು ಪಾತ್ರೆ ಬೀಳಿಸುತ್ತಾರೆ." ಚಿಕ್ಕಪ್ಪನದು: "ಚಿಕ್ಕಪ್ಪ ನಗುವಾಗ ಮೊದಲು ಹೊಟ್ಟೆ ನಗುತ್ತದೆ, ಮುಖಕ್ಕೆ ಸುದ್ದಿ ತಡವಾಗಿ ಹೋಗುತ್ತದೆ." ಸೈಕಲ್ ಅಂಗಡಿಯವನದು: "ಅವನು ಚಕ್ರ ತಿರುಗಿಸಿ ಕಿವಿಯಿಟ್ಟು ಕೇಳುತ್ತಾನೆ. ನನ್ನ ಮಾತನ್ನು ಯಾರೂ ಹಾಗೆ ಕೇಳಿಲ್ಲ." ಮುಂದೆ ಒಲೆ. ಮುಂದೆ ಅಂಗಡಿಯಲ್ಲಿ ಮಡಚಿದ ಮೊದಲ ಹಾಳೆ. ಮುಂದೆ ಅಕ್ಕ ಈಗ ಹೇಳುವ ಕತೆ, ಅಡಿಕೋಲಿನ ಪೆಟ್ಟು ಸಮೇತ. ಒಂದು ಶಾಪವಿಲ್ಲ.

ತರಗತಿಯಲ್ಲಿ ಮತ್ತೆ ಡ್ರೈವರೇ ಓದಿದ. ಗೊರಕೆಗೆ ಎಲ್ಲರೂ ನಕ್ಕರು. ಚಿಕ್ಕಪ್ಪನ ಹೊಟ್ಟೆಗೂ ನಕ್ಕರು. ಸೈಕಲ್ ಅಂಗಡಿಗೆ ಬಂದಾಗ ಡ್ರೈವರಿನ ದನಿ ತಾನಾಗಿ ತಗ್ಗಿತು, ಯಾರೂ ನಗಲಿಲ್ಲ. ಒಲೆಯ ಹತ್ತಿರ ಅವನು ಓದುವುದನ್ನೇ ನಿಲ್ಲಿಸಿ ಹಾಳೆ ತಿರುಗಿಸಿ ನೋಡಿದ, ಬೇರೆ ಏನಾದರೂ ಬರೆದಿದೆಯೇನೋ ಎಂಬಂತೆ. ಮುಗಿದ ಮೇಲೆ ನರ್ಸ್ ಹುಡುಗಿ ಮೂಗೊರೆಸಿಕೊಂಡು ಹೇಳಿದಳು, "ಆ ಹುಡುಗಿ ಚೆನ್ನಾಗಿ ಬರೀತಿದ್ದಳು ಅಕ್ಕ. ಅವರು ಅವಳನ್ನ ನೋಡಿ ನಕ್ಕಿದ್ದಲ್ಲ. ಅವಳು ಬರೆದದ್ದು ಕೇಳಿ ನಕ್ಕಿದ್ದು. ನಾವೂ ಅಲ್ಲೇ ನಕ್ಕೆವಲ್ಲ?"

ಬೇರೆ ಯಾರಿಗಾದರೂ ಈ ಮಾತು ಗಾಯಕ್ಕೆ ಎಣ್ಣೆ ಹಚ್ಚಿದ ಹಾಗಾಗುತ್ತಿತ್ತು. ಗೋಂದಕ್ಕನಿಗೆ ಬೆಂಕಿಗೆ ಎಣ್ಣೆ ಹೊಯ್ದ ಹಾಗಾಯಿತು. ಇಷ್ಟು ದಿನ ಅವಳು ತಾನೊಂದು ನಗೆಪಾಟಲಿನ ಹುಡುಗಿ, ಹೋದದ್ದು ಒಂದು ಹುಚ್ಚು ನೋಟ್‌ಬುಕ್ಕು ಎಂದುಕೊಂಡಿದ್ದಳು. ಚೆನ್ನಾಗಿತ್ತು ಎಂದರೆ? ಚೆನ್ನಾಗಿದ್ದದ್ದನ್ನು ಒಲೆಗೆ ಹಾಕಿದರು ಎಂದರೆ? ಹಾಗಾದರೆ ಹೋದದ್ದು ಎಷ್ಟು ದೊಡ್ಡದು!

"ಬಿಟ್ಬಿಡಿ ಅಕ್ಕ, ಈಗ ಬರೆದಾಯ್ತಲ್ಲ, ಮನಸ್ಸು ಹಗುರ ಮಾಡ್ಕೊಳ್ಳಿ," ಎಂದಳು ನರ್ಸ್ ಹುಡುಗಿ ಮೆಟ್ಟಿಲಿಳಿಯುವಾಗ.

"ಹಗುರ ಆಗೋಕೆ ಬರೀಲಿಲ್ಲ ಕಣೇ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ನಾನು ನೀರು ತುಂಬಿಸಿಡ್ತಿದ್ದೀನಿ, ಅಷ್ಟೇ."

ವರ್ಷದ ಕೊನೆಯಲ್ಲಿ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಬರಹ ಓದಿಸುವ ಕಾರ್ಯಕ್ರಮ ಇಟ್ಟರು. ಗೋಂದಕ್ಕ ಅಕ್ಕನನ್ನು ಕರೆಯಲು ಫೋನ್ ಮಾಡಿದಳು. ಅಕ್ಕನಿಗೆ ಮಂಡಿನೋವು, ಅಷ್ಟು ದೂರ ಬರಲಾರಳು. ಆದರೆ ವಿಷಯ ಕೇಳಿ ದನಿ ಅರಳಿತು.

"ನನ್ನ ಬಗ್ಗೆನೇ ಬರೆದ್ಯಾ? ಹೌದಾ ಚಿಕ್ಕೀ? ನೋಡು, ಮೂವತ್ತು ವರ್ಷ ಮೇಡಂ ಆಗಿದ್ದೆ, ಒಬ್ಬ ಶಿಷ್ಯನೂ ನನ್ನ ಮೇಲೆ ನಾಲ್ಕು ಸಾಲು ಬರೀಲಿಲ್ಲ. ಕೊನೆಗೆ ನೀನು ಬರೆದೆ! ಒಂದು ಕೆಲಸ ಮಾಡು. ಇಲ್ಲೇ ಬಂದು ಓದು. ಭಾನುವಾರ ಊಟಕ್ಕೆ ಎಲ್ಲರನ್ನೂ ಕರೀತೀನಿ. ಚಿಕ್ಕಪ್ಪನ ಮಕ್ಕಳು, ಅತ್ತೆ, ನಮ್ಮ ಶಾಲೆಯ ಇಬ್ಬರು ಮೇಡಂಗಳು... ಎಲ್ಲರೂ ಕೇಳಲಿ."

ಭಾನುವಾರ. ಊಟ. ನೆಂಟರು. ಅಕ್ಕ ತಾನೇ ಕುರ್ಚಿ ಜೋಡಿಸುತ್ತಿದ್ದಳು.

"ಎಷ್ಟು ಜನ ಆಗ್ತಾರೆ ಅಕ್ಕ?" ಎಂದು ಮಾತ್ರ ಗೋಂದಕ್ಕ ಕೇಳಿದಳು.

ಅಕ್ಕ ಲೆಕ್ಕ ಹಾಕಿದಳು. "ಹನ್ನೆರಡು... ಚಿಕ್ಕಪ್ಪನ ಮಗನ ಹೆಂಡತಿ ಬಂದರೆ ಹದಿಮೂರು."

ಆ ವಾರ ಗೋಂದಕ್ಕ ಕೆಲಸಕ್ಕೆ ರಜೆ ಹಾಕಿ ಒಂದೇ ಒಂದು ಪ್ರತಿ ಕಟ್ಟಿದಳು, ಆ ಹಳೆಯ ನೋಟ್‌ಬುಕ್ಕಿನದೇ ಉದ್ದಗಲ. ನಿನ್ನೆ ಮಧ್ಯಾಹ್ನ ಮೆಟ್ಟಿಲು ಹತ್ತಿ ಅದನ್ನು ನಮ್ಮ ಮನೆಗೆ ತಂದಳು. ಕಪ್ಪು ಬಟ್ಟೆಯ ರಟ್ಟು, ಬೆನ್ನ ಮೇಲೆ ಏನೂ ಬರೆದಿರಲಿಲ್ಲ. ನಾನು ಮಗಳ ಅಂಗಿಗೆ ಗುಂಡಿ ಹಾಕುತ್ತಿದ್ದೆ. ಅವಳು ನನ್ನ ಹೊಲಿಗೆ ನೋಡಿ, "ಎರಡು ಸುತ್ತು ಸಾಲದು, ಮೂರು ಹಾಕು" ಎಂದಳು. ಆಮೇಲೆ ಪುಸ್ತಕವನ್ನು ತೆರೆದು ನಡುಭಾಗವನ್ನು ತೋರಿಸಿದಳು. ಗೋಂದೇ ಇರಲಿಲ್ಲ. ಎಲ್ಲ ದಾರದ ಹೊಲಿಗೆ.

"ಅಂಟಿಸಿದ್ದನ್ನ ಕಿತ್ತುಬಿಡಬಹುದು. ಹೊಲಿದದ್ದರಲ್ಲಿ ಒಂದು ಹಾಳೆ ಕಿತ್ತರೂ ಎದುರಿನ ಹಾಳೆ ಸಡಿಲವಾಗಿ ಕೈಗೆ ಬರುತ್ತೆ, ಕಿತ್ತದ್ದು ಗೊತ್ತಾಗುತ್ತೆ. ಅವಳು ಹೆಡ್ ಮೇಡಂ. ಹಾಳೆ ಕೀಳೋ ಅಭ್ಯಾಸ ಇದೆ ಅವಳಿಗೆ."

"ಓದಿದ ಮೇಲೆ ಏನಾಗುತ್ತೆ ಗೋಂದಕ್ಕ? ಅವರು ಅತ್ತರೆ?"

"ಅಳಲಿ."

"ಆಗಲೂ ನೆನಪಾಗದಿದ್ದರೆ?"

ಅಷ್ಟರಲ್ಲಿ ನನ್ನ ಮಗಳು ಬಂದು ಗೋಂದಕ್ಕನ ಕೈ ಎಳೆದುಕೊಂಡು ಬೆರಳು ಸುಲಿಯಲು ಕೂತಳು. ಗೋಂದು ಮುಟ್ಟದೆ ಹೊಲಿದ ವಾರವಾದ್ದರಿಂದ ಸುಲಿಯಲು ಏನೂ ಇರಲಿಲ್ಲ. ದಾರ ಕೊಯ್ದ ಗೆರೆಗಳಿದ್ದವು. ಮಗು ಅವುಗಳ ಮೇಲೆ ಊದಿತು.

"ಅವಳಿಗೆ ನೆನಪಾಗದಿದ್ದರೂ ಆ ಅತ್ತೆಗೆ ಆಗುತ್ತೆ. ಇನ್ನೊಂದ್ಸಲ ಓದೇ ಅಂದವಳು ಅವಳೇ. ಅತ್ತೆ ನಮ್ಮಕ್ಕನ ಕಡೆ ತಿರುಗಿ ನೋಡ್ತಾಳೆ. ಆ ನೋಟ ನಮ್ಮಕ್ಕನಿಗೆ ತಾಕುತ್ತೆ." ಗೋಂದಕ್ಕ ಪುಸ್ತಕವನ್ನು ನನ್ನ ಮಡಿಲಲ್ಲಿ, ಗುಂಡಿ ದಾರಗಳ ಮೇಲೆ ಇಟ್ಟಳು. "ಅದಕ್ಕೇ ನಿನ್ನ ಹತ್ತಿರ ಬಂದೆ ಕಣಮ್ಮಾ. ಮಗೂನ ಕರ್ಕೊಂಡೇ ಬಾ, ಊಟ ಅಲ್ಲೇ. ಒಂಬತ್ತನೇ ಪುಟದಲ್ಲಿ ಗೊರಕೆ ಬರುತ್ತೆ, ಎಲ್ಲರೂ ನಗ್ತಾರೆ, ಅವಳೂ ನಗ್ತಾಳೆ. ನಗು ಮುಗಿಯೋವರೆಗೂ ನಿಲ್ಲಿಸು, ಅವಸರ ಮಾಡಬೇಡ. ಆಮೇಲೆ ಮುಂದಕ್ಕೆ ಹೋಗು. ಯಾರು ನಿಲ್ಲಿಸು ಅಂದರೂ ನಿಲ್ಲಿಸಬೇಡ, ತಲೆ ಎತ್ತಬೇಡ. ಭಾನುವಾರ ಇದನ್ನ ನೀನು ಓದಿಕೊಡು. ನಾನು ಓದಿದರೆ ನನ್ನ ಕಣ್ಣು ಹಾಳೆ ಮೇಲಿರುತ್ತೆ. ನನಗೆ ಅವಳ ಮುಖ ನೋಡಬೇಕು."